ಹಿಂದಿನಿಂದ ಬಂದ ಉಘೇ

ಪಕ್ಕದ ಮನೆಯಲ್ಲಿ ಇವತ್ತು ಹುರಿಹಿಟ್ಟಿಗೆ ರಾಗಿ ಹುರಿಯುತ್ತಿದ್ದರು. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ಕಟ್ಟಿಕೊಳ್ಳುವ ಬುತ್ತಿ ಅದು. ಆ ಘಮ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು, ನಾನು ಎದ್ದು ಕಿಟಕಿ ಮುಚ್ಚಿದೆ. ನಂಜನಗೂಡಿಗೆ ಬಂದು ಇಷ್ಟು ವರ್ಷವಾದರೂ ಹೀಗೇ...

ತೊಂಬತ್ತರ ದಶಕದಲ್ಲಿ ನಾವು ತಿ. ನರಸೀಪುರದಲ್ಲಿದ್ದೆವು. ಎದುರು ಮನೆಯಲ್ಲಿ ದೊಡ್ಡಮ್ಮ ಇದ್ದರು. ನೆಂಟರೇನಲ್ಲ, ಬೀದಿಗೆಲ್ಲ ಅವರು ದೊಡ್ಡಮ್ಮ. ವರ್ಷಕ್ಕೊಮ್ಮೆ ಬೀದಿಯ ಕೆಲವು ಸಂಸಾರಗಳನ್ನು ಹೊರಡಿಸಿಕೊಂಡು ಬೆಟ್ಟಕ್ಕೆ ನಡೆಸುತ್ತಿದ್ದರು. ಆ ವರ್ಷ ನಮ್ಮನ್ನೂ ಕರೆದರು. ನನ್ನ ಮಗಳು ಇನ್ನೂ ಒಂದನೇ ಕ್ಲಾಸಿಗೂ ಸೇರಿರಲಿಲ್ಲ.

ಜಗಲಿಯ ಮೇಲೆ ಕೂತು ಅವರು ದಾರಿಯನ್ನೆಲ್ಲ ಬಾಯಲ್ಲೇ ಹಂಚಿಟ್ಟರು. ಎಳೆಕೂಸು ಎಷ್ಟು ನಡೆಯುತ್ತದೋ ಅಷ್ಟೇ ಒಂದು ದಿನದ ದಾರಿ. ಒಂದು ರಾತ್ರಿ ಛತ್ರ, ಒಂದು ರಾತ್ರಿ ಶಾಲೆಯ ಜಗಲಿ, ಒಂದು ರಾತ್ರಿ ಮಂಟಪ, ಹೀಗೆ. ಬಿಸಿಲು ಇಳಿಯುವ ಮೊದಲೇ ಸೂರು ಸೇರಬೇಕು. ನಾನು ಜ್ವರದ ಔಷಧಿ, ಟಾರ್ಚು, ಕಾಡಿನ ಆನೆ ಎಂದು ಒಂದೊಂದನ್ನೇ ಕೇಳುತ್ತಾ ಹೋದೆ.

"ಆನೆಗೆ ಬ್ಯಾರೆ ಕೆಲ್ಸ ಇಲ್ವಾ, ನಿನ್ ಮಗಳ್ನ ನೋಡಕ್ಕೆ ಬರಕೆ?" ಎಂದು ನಕ್ಕರು. "ಓದ್ದೋರ್ಗೆ ಎದ್ರಿಕೆ ಜಾಸ್ತಿ ಕಣವ್ವ."

ಅವರದೊಂದು ಕ್ರಮವಿತ್ತು. ಮುಂದಿರುವವರು ಆಗಾಗ "ಮಾದಪ್ಪನ ಪಾದಕ್ಕೆ" ಎಂದು ಕೂಗಬೇಕು, ಕಟ್ಟಕಡೆಯವರು "ಉಘೇ ಉಘೇ" ಎಂದು ಜಯಕಾರ ಹಾಕಬೇಕು. ಉಘೇ ಬಂತೆಂದರೆ ಹಿಂದಿನವರು ಕ್ಷೇಮ. ಅದನ್ನು ಕೇಳಿದ ಮೇಲೆಯೇ ನಾನು ಒಪ್ಪಿದ್ದು.

ಮೊದಲ ದಿನಗಳು ಸುಖವಾಗಿ ಕಳೆದವು. ತಾಳುಬೆಟ್ಟದಿಂದ ಕಾಡಿನ ಏರುದಾರಿ ಶುರುವಾದಾಗ ಮಗಳು ಕಲ್ಲು ಆಯುತ್ತಾ ಹಿಂದುಳಿದಳು. "ನೀವು ನಡೀರಿ. ಕೂಸ ನಾನು ಕರ್ಕ ಬತ್ತೀನಿ" ಎಂದರು ದೊಡ್ಡಮ್ಮ. ನಡುವೆ ಅಡ್ಡಬಂದ ಡಾಂಬರು ರಸ್ತೆ ದಾಟಿ ನಾವು ಮತ್ತೆ ಕಾಲುದಾರಿ ಹಿಡಿದೆವು. ನನ್ನ ಗಂಡ ಕೂಗಿದರು, ಹಿಂದಿನಿಂದ ಉಘೇ ಬಂತು. ಇನ್ನೊಂದು ತಿರುವಿನಲ್ಲಿ ಕೂಗಿದರು, ಮತ್ತೆ ಬಂತು. ನಾನು ನಿಶ್ಚಿಂತೆಯಾಗಿ ದಾರಿಬದಿಯ ಮಂಟಪವೊಂದರ ನೆರಳಿನಲ್ಲಿ ಕಾಲು ಚಾಚಿ ಕೂತೆ.

ಸ್ವಲ್ಪ ಹೊತ್ತಿಗೆ ತಿರುವಿನಿಂದ ಬಂದವರು ಬೇರೆ ಊರಿನ ಭಕ್ತರು.

"ಹಿಂದೆ ಒಬ್ಬ ಅಮ್ಮ, ಒಂದು ಮಗು ಇದ್ದರಲ್ಲಾ?" ಎಂದೆ.

"ಯಾರ್ನೂ ಕಾಣ್ನಿಲ್ವಲ್ಲವ್ವ. ನಾವು ಬಸ್ಸಿಳ್ದು ರೋಡಿಂದ ಅತ್ತಿದೋ. ನೀವು ಕೂಗಿದ್ರಿ, ಉಘೇ ಅಂದೋ. ಮಾದಪ್ಪನ ಎಸ್ರು ಕೇಳಿ ಸುಮ್ನಿರಕಾದದಾ?"

ನಾವು ಕೆಳಕ್ಕೆ ಓಡಿದೆವು. ರಸ್ತೆ ದಾಟಿ ಸ್ವಲ್ಪ ಇಳಿಯುತ್ತಲೇ ಗಂಡ ನನ್ನ ತೋಳು ಹಿಡಿದು ನಿಲ್ಲಿಸಿದರು. ದಾರಿಯ ನಡುವೆ ಒಂಟಿ ಆನೆ. ಅದರಾಚೆ ಬಿದಿರು ಮೆಳೆಯ ಸಂದಿನಲ್ಲಿ ದೊಡ್ಡಮ್ಮನ ಹಸಿರು ಸೀರೆ. ಎದೆಗೆ ಒತ್ತಿಕೊಂಡ ನನ್ನ ಮಗಳು. ಅವಳ ಬಾಯಿಯ ಮೇಲೆ ದೊಡ್ಡಮ್ಮನ ಕೈ.

ಕೂಗುವಂತಿಲ್ಲ, ಹತ್ತಿರ ಹೋಗುವಂತಿಲ್ಲ. ಆನೆ ಕಿವಿ ಬೀಸುತ್ತಿತ್ತು. ಒಮ್ಮೆ ಮೆಳೆಯ ಕಡೆಗೆ ಸೊಂಡಿಲು ಚಾಚಿತು. ಮಗಳ ಪುಟ್ಟ ಕಾಲು ಒದ್ದಾಡಿದ್ದು ಕಂಡಿತು. ದೊಡ್ಡಮ್ಮ ಕೈ ಸಡಿಲಿಸಲಿಲ್ಲ... ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ಈಗಲೂ ಹೇಳಲಾರೆ. ಕೊನೆಗೆ ಅದು ಹಳ್ಳದ ಕಡೆ ಇಳಿಯಿತು. ಕೊಂಬೆ ಮುರಿಯುವ ಸದ್ದು ದೂರವಾಯಿತು.

ಮಗಳ ಕೆನ್ನೆಯಲ್ಲಿ ಬೆರಳುಗಳು ಕೆಂಪಗೆ ಮೂಡಿದ್ದವು. "ನಿನ್ ಮಗ್ಳ ಬಾಯಿ ಮುಚ್ಚಕೆ ಮಾದಪ್ಪನೇ ಬರ್ಬೇಕಿತ್ತು ಕಣವ್ವ" ಎಂದು ದೊಡ್ಡಮ್ಮ ನಗಲು ನೋಡಿದರು. ಮಗಳನ್ನು ನನ್ನ ಕೈಗೆ ಕೊಟ್ಟು ದಾರಿಯಲ್ಲೇ ಕೂತುಬಿಟ್ಟರು.

ಮಗಳು ಆನೆಯನ್ನು ನೋಡಿರಲೇ ಇಲ್ಲ. ಅವಳ ಮುಖ ದೊಡ್ಡಮ್ಮನ ಎದೆಗೆ ಒತ್ತಿಹೋಗಿತ್ತು. ಉಸಿರು ಕಟ್ಟಿಸಿದ ಕೈ ಮಾತ್ರ ಅವಳಿಗೆ ಗೊತ್ತು. ಊರಿಗೆ ಬಂದ ಮೇಲೆ ಎದುರು ಮನೆಯ ಬಾಗಿಲು ತೆರೆದರೆ ಸಾಕು, ಕಿರುಚಿ ಒಳಗೆ ಓಡುತ್ತಿದ್ದಳು. ದೊಡ್ಡಮ್ಮ ಕಡಲೆಮಿಠಾಯಿ ಹಿಡಿದು ಬಾಗಿಲಲ್ಲಿ ನಿಂತರೂ ಹೋಗಲಿಲ್ಲ. ನಾನು ಗದರಿ ಎಳೆದೊಯ್ಯಲು ನೋಡಿದೆ.

"ಬುಡವ್ವ, ಬಲ್ವಂತ ಮಾಡ್ಬ್ಯಾಡ" ಎಂದರು. "ಕೂಸು ಉಳ್ಕತು ತಾನೆ. ಅಷ್ಟು ಸಾಕು."

ಅವರು ಮತ್ತೆ ಯಾರನ್ನೂ ಬೆಟ್ಟಕ್ಕೆ ನಡೆಸಲಿಲ್ಲ. ನಾವು ಊರು ಬಿಟ್ಟ ದಿನವೂ ಮಗಳು ನನ್ನ ಸೆರಗಿನ ಹಿಂದೆಯೇ ಅಡಗಿದ್ದಳು. ದೊಡ್ಡಮ್ಮ ದೂರದಿಂದಲೇ ಕೈಯೆತ್ತಿದರು...

ಮಗಳು ಈಗ ಕಾಲೇಜಿನಲ್ಲಿದ್ದಾಳೆ. ಸಂಜೆ ಬಂದವಳು, "ಅಮ್ಮ, ಪಕ್ಕದ ಮನೆಯವ್ರ ಜೊತೆ ನಾನೂ ನಡ್ಕೊಂಡು ಹೋಗ್ಲಾ?" ಎಂದಳು. ಬೇಡವೆಂದೆ. ಯಾಕೆಂದು ಪಟ್ಟು ಹಿಡಿದಳು. ಆನೆಯ ಹೆಸರೆತ್ತಿ ಇನ್ನಷ್ಟು ಹೆದರಿಸಬಾರದೆಂದು ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಮೊದಲ ಸಲ ಎಲ್ಲ ಹೇಳಿದೆ.

ಬೆರಳಿನಿಂದ ಕೆನ್ನೆ ಮುಟ್ಟಿಕೊಂಡಳು. "ನಾನು ಅವ್ರನ್ನ ಕೆಟ್ಟೋರು ಅಂದ್ಕೊಂಡಿದ್ದೆ" ಎಂದಳು. ಆಮೇಲೆ, "ಭಾನುವಾರ ನರಸೀಪುರಕ್ಕೆ ಹೋಗಿ ಮಾತಾಡಿಸ್ಕೊಂಡು ಬರೋಣ್ವಾ?"

ದೊಡ್ಡಮ್ಮ ತೀರಿಹೋದ ಸುದ್ದಿ ಬಂದಾಗ ಅವಳಿಗೆ ಪರೀಕ್ಷೆಯಿತ್ತು. ನಾನೊಬ್ಬಳೇ ಹೋಗಿ ಬಂದಿದ್ದೆ. ಅದನ್ನೂ ಈಗ ಹೇಳಬೇಕಾಯಿತು.