ಒಂದೇ ಬಟ್ಟಲಿನ ಪಾದ್ರಿ
ದೇವಳಾಲಿ ಸೈನಿಕ ಕ್ಯಾಂಪಿನ ಫಿರಂಗಿ ಬೆಳಿಗ್ಗೆ ಧಡಂ ಎಂದರೆ ಪಾದ್ರಿ ಸಮುವೇಲಪ್ಪನವರು ಎಲ್ಲಿದ್ದರೂ "ಆಮೆನ್" ಅನ್ನುತ್ತಾರೆ. ಸೈನ್ಯ ಇಪ್ಪತ್ತು ಗುಂಡು ಹಾರಿಸಿದರೆ ಇಪ್ಪತ್ತು ಆಮೆನ್. ಬೀದರಿನಿಂದ ಬಂದ ಈ ಮನುಷ್ಯ ಚರ್ಚಿನಲ್ಲಿ ಪ್ರಸಂಗವನ್ನು ಕನ್ನಡದಲ್ಲಿ ಶುರುಮಾಡಿ, ಸಿಟ್ಟು ಬಂದಾಗ ಮರಾಠಿಗೆ ಏರಿ, ಕ್ಷಮೆ ಕೇಳುವಾಗ ಹಿಂದಿಗೆ ಇಳಿಯುತ್ತಾರೆ. ಎದುರಾದವರನ್ನೆಲ್ಲ "ಚಹಾ ಆತೇನ್ರಿ?" ಎಂದು ಕೇಳಿ, ಆಗಿದ್ದರೂ ಕುಡಿಸುತ್ತಾರೆ. ಅವರ ಜೀವಮಾನದ ಹಟ ಒಂದೇ: ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದಲ್ಲಿ ಎಲ್ಲರೂ ಒಂದೇ ಬಟ್ಟಲಿನಿಂದ ಕುಡಿಯಬೇಕು. ಕಸ ಗುಡಿಸುವ ಲೀದಿಯಮ್ಮನ ತುಟಿ ತಾಕಿದ ಬಟ್ಟಲು ಬೇಡವೆಂದು ಎಂಬತ್ನಾಲ್ಕನೇ ಇಸವಿಯಲ್ಲಿ ಮೂವತ್ತು ಮನೆಯವರು ಸಭೆ ಬಿಟ್ಟು ಹೋದರು. ಉಳಿದ ಹನ್ನೊಂದು ಮನೆಗಳನ್ನು ಅವರು "ನನ್ನ ದೊಡ್ಡ ಸಭೆ" ಎಂದು ಪರಿಚಯಿಸುತ್ತಾರೆ. ಹೋದ ವರ್ಷ ಡಾಕ್ಟರು ಅವರ ಕೆಮ್ಮಿಗೆ ಕ್ಷಯವೆಂದು ಹೆಸರಿಟ್ಟು, ನಿಮ್ಮ ಎಂಜಲು ಯಾರಿಗೂ ತಾಕಬಾರದು ಎಂದರು. ಅಂದಿನಿಂದ ಪಾದ್ರಿಗಳು ಎಲ್ಲರಿಗೂ ಬಟ್ಟಲು ಕೊಡುತ್ತಾರೆ, ತಾವು ಮಾತ್ರ ಒಂದು ಹನಿಯನ್ನೂ ಮುಟ್ಟುವುದಿಲ್ಲ. ಮೊನ್ನೆ ಭಾನುವಾರದ ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯ ಯಾಕೋಬಪ್ಪ ತಡೆಯಲಾರದೆ ಹೇಳಿದರು: "ನಿಮಗಂತ ಒಂದ್ ಸಣ್ಣ ಗ್ಲಾಸ್ ಬ್ಯಾರೆ ಇಡ್ತೀವ್ರಿ ಅಯ್ಯನವರ, ಏನಾಗ್ತದ?" ಪಾದ್ರಿಗಳು ನಕ್ಕರು. "ಈ ಐತಾರ ನನಗೊಂದ್ ಬ್ಯಾರೆ ಇಡ್ತೀರಿ, ಮುಂದಿನ ಐತಾರ ಲೀದಿಯಮ್ಮಗೊಂದ್ ಇಡ್ತೀರಿ." "ಹಂಗಲ್ರಿ, ಕರ್ತನ ಭೋಜನ ಇಲ್ದ ನೀವು ಹಿಂಗ ಎಷ್ಟ್ ದಿನ..." ಯಾಕೋಬಪ್ಪನವರ ಮಾತು ಇನ್ನೂ ಬಾಯಲ್ಲೇ ಇತ್ತು, ಸಮುವೇಲಪ್ಪನವರು ಬಟ್ಟಲು ತೊಳೆಯಲು ನಲ್ಲಿಯ ಕಡೆ ಹೊರಟೇಬಿಟ್ಟಿದ್ದರು.