ಕೊಟ್ಟ ಮೇಲೆ ತಿದ್ದುವ ಮೇಷ್ಟ್ರು

ಮೇಷ್ಟ್ರ ಬಿಳಿ ಶರ್ಟಿನ ಜೇಬಿನ ಕೆಳಗೆ ನಾಲ್ಕಾಣೆ ಅಗಲದ ಕೆಂಪು ಶಾಯಿಯ ಕಲೆ. ಅವರ ಹೆಂಡತಿ ಉಜ್ಜಿ ಉಜ್ಜಿ ಒಗೆದರೆ ಮರುದಿನ ಪಕ್ಕದಲ್ಲೇ ಇನ್ನೊಂದು. ಹೊಸಮನೆ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರಾಗಿದ್ದ ಮೇಷ್ಟ್ರು ನಿವೃತ್ತರಾದ ಮೇಲೂ ಕೆಂಪು ಪೆನ್ನನ್ನು ಬಿಟ್ಟಿರಲಿಲ್ಲ.

ಬೀದಿಯವರ ಅರ್ಜಿ, ಆಮಂತ್ರಣ, ಮದುವೆಯ ಬಯೋಡೇಟಾ ಎಲ್ಲ ಅವರೇ ಬರೆದುಕೊಡಬೇಕು. ಅಕ್ಷರ ಮುತ್ತಿನಂತೆ. ತಾಪತ್ರಯ ಶುರುವಾಗುತ್ತಿದ್ದದ್ದು ಕೊಟ್ಟ ಮೇಲೆ. ಒಮ್ಮೆ ಬೀದಿಯಲ್ಲಿ ದೀಪವೇ ಇಲ್ಲವೆಂದು ನಗರಸಭೆ ಕಚೇರಿಗೆ ಅರ್ಜಿ ಕೊಟ್ಟು ಬಂದರು. ಮರುದಿನ ಹೋಗಿ, ಒಂದು ದೀಪವಿದೆ, ಮನಸ್ಸು ಬಂದಾಗ ಉರಿಯುತ್ತದೆ ಎಂದು ತಿದ್ದಿದರು. ದೀಪ ಇದೆಯಲ್ಲ ಎಂದು ಅರ್ಜಿ ಅಲ್ಲಿಗೇ ಮುಗಿಯಿತು. ಬೀದಿಯವರು ಬೈದರೆ, “ಬರೆಯುವಾಗ ತಪ್ಪು ಕಾಣಲ್ಲ ಮಾರಾಯ, ಕೊಟ್ಟು ಬಂದ ಮೇಲೇ ಕಾಣೋದು” ಎನ್ನುತ್ತಿದ್ದರು.

ನನ್ನ ಬಯೋಡೇಟಾ ಬರೆದವರೂ ಅವರೇ. ಅಮ್ಮ ಹೇಳಿದ್ದನ್ನೆಲ್ಲ ಬರೆದರು: ಐದು ಅಡಿ ನಾಲ್ಕು ಇಂಚು, ಶಾಂತ ಸ್ವಭಾವ, ಅಡುಗೆಯಲ್ಲಿ ನಿಪುಣೆ. ಅದು ಭದ್ರಾವತಿಯ ಒಂದು ಮನೆಗೆ ಹೋಯಿತು. ಹುಡುಗನನ್ನು ನಾನು ನೆಂಟರ ಮದುವೆಯೊಂದರಲ್ಲಿ ನೋಡಿದ್ದೆ, ಮೆಚ್ಚಿಯೂ ಇದ್ದೆ. ಭಾನುವಾರ ಬರುತ್ತೇವೆಂದು ಅವರು ಹೇಳಿಕಳಿಸಿದಾಗ ನನಗೆ ಊಟ ಸೇರಲಿಲ್ಲ.

ಶನಿವಾರ ಮೇಷ್ಟ್ರು ಯಾರಿಗೂ ಹೇಳದೆ ಭದ್ರಾವತಿಯ ಬಸ್ಸು ಹತ್ತಿದರು. ಹುಡುಗನ ಮನೆಯಲ್ಲಿ ಕುಳಿತು, ಬಯೋಡೇಟಾ ಈಸಿಕೊಂಡು ತಿದ್ದಿದರು. ನಾಲ್ಕು ಇಂಚು ಎರಡಾಯಿತು. ಶಾಂತ ಸ್ವಭಾವವನ್ನು ಹೊಡೆದುಹಾಕಿ, ‘ಕೋಪ ಬರುತ್ತದೆ, ಬೇಗ ಇಳಿಯುತ್ತದೆ’ ಎಂದು ಬರೆದರು. ನಿಪುಣೆಯ ಜಾಗಕ್ಕೆ ‘ಚಿತ್ರಾನ್ನ ಚೆನ್ನಾಗಿ ಮಾಡುತ್ತಾಳೆ’ ಬಂತು. ಪ್ರತಿ ತಿದ್ದುಪಡಿಗೂ ಸಹಿ ಬೇರೆ. ಸಂಜೆ ನಮ್ಮ ಮನೆಗೆ ಬಂದು ಕಾಫಿ ಕುಡಿಯುತ್ತಾ ನೆಮ್ಮದಿಯಿಂದ ಇದನ್ನೆಲ್ಲ ವರದಿ ಮಾಡಿದರು. ಅಮ್ಮ ಕಣ್ಣೀರು ಹಾಕಿಕೊಂಡು ಒಳಗೆ ಹೋದಳು. ನಾನು ಕೂಗಾಡಿದೆ.

ಅವರು ಲೋಟ ಕೆಳಗಿಟ್ಟರು. “ಹಾಗೇ ಬಿಟ್ಟಿದ್ರೆ ಆ ಮನೇಲಿ ಜೀವನಪೂರ್ತಿ ಶಾಂತವಾಗಿ ಇರ್ಬೇಕಾಗ್ತಿತ್ತು ಮಾರಾಯ್ತಿ. ನಿನ್ನ ಕೈಲಿ ಆಗ್ತಿತ್ತಾ?”

ಭಾನುವಾರ ಯಾರೂ ಬರುವುದಿಲ್ಲವೆಂದು ಅಮ್ಮ ಉಪ್ಪಿಟ್ಟಿಗೆ ರವೆಯನ್ನೂ ಹುರಿಯಲಿಲ್ಲ. ಅವರು ಬಂದೇಬಿಟ್ಟರು. ಹುಡುಗನ ತಾಯಿ ತಮ್ಮ ಮಗನ ಬಯೋಡೇಟಾ ಹೊರತೆಗೆದು, “ಆ ಮೇಷ್ಟ್ರನ್ನ ಕರೀರಿ, ಇದರಲ್ಲೂ ತಿದ್ದೋದಿದೆ. ಕೆಲಸ ಪರ್ಮನೆಂಟ್ ಅಂತ ಬರೆದಿದ್ವಿ, ಇನ್ನೂ ಆಗಿಲ್ಲ” ಎಂದರು. ಅಪ್ಪ ನನ್ನ ಮುಖ ನೋಡಿದರು. ನಾನು ಆಗಲಿ ಎಂದು ತಲೆಯಾಡಿಸಿದೆ. ಮೇಷ್ಟ್ರು ಬಂದು ಅದನ್ನೂ ತಿದ್ದಿ ಸಹಿ ಹಾಕಿದರು.

ಮದುವೆಯಾದ ಮೇಲೆ ಆ ಮನೆಯಲ್ಲಿ ನಾನು ಕೂಗಾಡಿದ್ದೇನೆ, ಸಾರು ಸೀಯಿಸಿದ್ದೇನೆ. ಯಾರೂ ಮೋಸಹೋದೆವೆಂದು ಅಂದಿಲ್ಲ. ಅಮ್ಮ ಮಾತ್ರ ತುಂಬಾ ದಿನ ಮೇಷ್ಟ್ರ ಹತ್ತಿರ ಮಾತು ಬಿಟ್ಟಿದ್ದಳು.

ಕಳೆದ ವರ್ಷ ಮೇಷ್ಟ್ರು ತೀರಿಕೊಂಡರು. ಪತ್ರಿಕೆಯಲ್ಲಿ ಹಾಕಿಸಲು ನಾಲ್ಕು ಸಾಲು ಬರೆದುಕೊಡೆಂದು ಅವರ ಮಗ ನನ್ನನ್ನು ಕೇಳಿದ. ಎಲ್ಲರೂ ಬರೆಯುವ ಹಾಗೆ, ಯಾರ ಮನಸ್ಸನ್ನೂ ನೋಯಿಸದವರು ಎಂದು ಬರೆದುಕೊಟ್ಟು ಮನೆಗೆ ಬಂದೆ. ಕೂತಲ್ಲಿ ಕೂರಲಾಗಲಿಲ್ಲ. ಪತ್ರಿಕೆಯವರಿಗೆ ಫೋನ್ ಮಾಡಿ ಆ ಸಾಲು ತೆಗೆಯಿರಿ ಎಂದೆ. ಅದರಲ್ಲೇನು ತಪ್ಪಿದೆ ಎಂದು ಅವರು ಕೇಳಿದರು.

“ನಮ್ಮಮ್ಮನ ಮನಸ್ಸು ನೋಯಿಸಿದ್ರು ಸಾರ್,” ಎಂದೆ. “ಅದಕ್ಕೇ ನಾನು ಸುಖವಾಗಿದೀನಿ.”