ಗುಬ್ಬಿ ಬಿಟ್ಟ ದೊಡ್ಡ ಕೋರ್ಸು

ನನ್ನ ತಮ್ಮನ ಮಗಳನ್ನ ಬೀದಿಯವರೆಲ್ಲ ಗುಬ್ಬಿ ಅಂತಾರೆ. ಆಳು ಚಿಕ್ಕದು, ನಡಿಗೆ ಚುರುಕು, ಒಂದು ಕಡೆ ನೆಮ್ಮದಿಯಾಗಿ ಕೂತು ಉಂಡಿದ್ದು ನಾನಂತೂ ನೋಡಿಲ್ಲ. ಆಸ್ಪತ್ರೆಯಲ್ಲಿ ಕೆಲಸ. ಬೆಳಗಾದ್ರೆ ನೀಲಿ ಅಂಚಿನ ಕೋಟು ತೊಟ್ಟು ಹೊರಡ್ತಾಳೆ. ಬಿಳಿ ಕೋಟಿನ ದೊಡ್ಡ ನರ್ಸುಗಳು ಬೇರೆ, ನೀಲಿ ಅಂಚಿನವರು ಬೇರೆ. ಆ ಒಂದು ಅಂಚಿನ ಸಂಕಟ ಏನು ಅಂತ ನಿಮಗೆ ಹೇಳಬೇಕು. ನನಗೆ ಮೂಗಿನ ತುದೀಲೇ ಕೋಪ, ನಡುನಡುವೆ ಬೈದ್ರೆ ಬೇಜಾರು ಮಾಡ್ಕೋಬೇಡಿ.

ನಾನು ಅವಳ ಸೋದರತ್ತೆ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಕೊಂಡಿದೀನಿ. ಗಂಡ ಹೋದ ಮೇಲೆ ತಮ್ಮನ ಮನೆ ಸೇರ್ಕೊಂಡಳು ಅಂತ ಜನ ಅಂತಾರೆ. ಅನ್ನಲಿ, ಅವರ ಬಾಯಿ, ಅವರ ಮಾತು. ನಿಜ ಏನಂದ್ರೆ, ನನ್ನ ತಮ್ಮನ ಹೆಂಡತಿ ತೀರಿಕೊಂಡಾಗ ಮನೆ ನೋಡ್ಕೊಳ್ಳೋರಿಲ್ಲದೆ ಅವನೇ ನನ್ನ ಕರೆಸ್ಕೊಂಡ. ಅವನು ಬಸ್ ಡ್ರೈವರು. ಮೈತುಂಬ ಗತ್ತು. ಸ್ಟೇರಿಂಗ್ ಹಿಡಿದ್ರೆ ರಸ್ತೆಯೇ ತನ್ನದು ಅನ್ನೋ ಹಾಗೆ ಕೂರ್ತಿದ್ದ. ಅಂಥವನಿಗೆ ಒಂದು ದಿನ ಲಕ್ವ ಹೊಡೀತು. ಬಲಗೈ, ಬಲಗಾಲು ಎರಡೂ ಹೋಯ್ತು. ಬಾಯಿ ಮಾತ್ರ ಉಳೀತು, ನಮ್ಮ ಪುಣ್ಯ.

ಆಗ ಗುಬ್ಬಿ ಅದೇ ಆಸ್ಪತ್ರೆಯಲ್ಲಿ ಆಯಾ ಆಗಿದ್ಲು. ಹಾಸಿಗೆ ಬದಲಾಯಿಸೋದು, ಬೆಡ್‌ಪ್ಯಾನ್ ಇಡೋದು, ರೋಗಿಗಳ ಮೈ ಒರೆಸೋದು. ಅಲ್ಲಿ ಮಾಡಿದ್ದನ್ನೇ ಮನೆಗೆ ಬಂದು ಅಪ್ಪನಿಗೂ ಮಾಡ್ತಿದ್ಲು. ಅವನಿಗೆ ಅವಳೊಬ್ಬಳೇ ಆಗಬೇಕು. "ಮೈ ತೊಳೆಯುವಾಗ ಅವಳು ಮಗಳಲ್ಲ, ನರ್ಸು. ಅದಕ್ಕೇ ನನಗೆ ನಾಚಿಕೆ ಆಗಲ್ಲ," ಅಂತಿದ್ದ. ಪಾಪ ಅವಳು ಇನ್ನೂ ನರ್ಸೇ ಆಗಿರಲಿಲ್ಲ. ಒಂದು ಸಲ ನಾನು ಯಾರನ್ನೋ ವಿಚಾರಿಸಿ ಒಬ್ಬ ಗಂಡಾಳನ್ನ ಗೊತ್ತು ಮಾಡಿದೆ. ಒಳ್ಳೇ ಮನುಷ್ಯ, ಮೆತ್ತನೆ ಕೈ. ಬಚ್ಚಲಿಗೆ ಹೋದವನು ಹಣೆ ಹಿಡ್ಕೊಂಡು ಆಚೆ ಬಂದ. ನನ್ನ ತಮ್ಮ ಎಡಗೈಯಲ್ಲಿ ಚೊಂಬು ಬೀಸಿದ್ದ! ಎಡಗೈಗೆ ಅಷ್ಟು ಗುರಿ ಎಲ್ಲಿಂದ ಬಂತೋ. ಆ ಮನುಷ್ಯ ಮತ್ತೆ ಈ ಬೀದಿಗೆ ಕಾಲಿಡಲಿಲ್ಲ.

ಹೀಗಿರುವಾಗ ಒಂದು ಸಂಜೆ ಆಸ್ಪತ್ರೆಯ ಹೆಡ್ ಸಿಸ್ಟರ್ ನಮ್ಮನೆಗೆ ಬಂದ್ರು, ಯೂನಿಫಾರಂ ಸೊಂಟ ಬಿಡಿಸೋಕೆ. ನಾನು ಅಳತೆ ತಗೊಳ್ತಿದ್ದೆ, ಅವರು ಗುಬ್ಬಿಯನ್ನ ಕರೆದು ಎದುರಿಗೆ ಕೂರಿಸ್ಕೊಂಡ್ರು.

"ನರ್ಸಿಂಗ್ ಸೇರೋಕೆ ಎರಡೂ ಕಡೆ ಪರೀಕ್ಷೆ ಪಾಸು ಮಾಡಿದೀಯ. ಎರಡು ಕಡೆಯೂ ಸೀಟು ಸಿಕ್ಕಿದೆ. ಈ ವಾರದೊಳಗೆ ಒಂದನ್ನ ಹಿಡಿ, ಒಂದನ್ನ ಬಿಡು," ಅಂದ್ರು.

"ಯಾವುದು ಹಿಡೀಲಿ ಸಿಸ್ಟರ್?"

"ನೋಡು, ಇಲ್ಲೇ ಊರಲ್ಲಿರೋದು ಪ್ರಾಕ್ಟಿಕಲ್ ನರ್ಸಿಂಗ್. ಒಂದು ವರ್ಷ. ಸಂಜೆ ಮನೆಗೆ ಬರಬಹುದು. ಬಿಪಿ ನೋಡೋದು, ಗಾಯಕ್ಕೆ ಡ್ರೆಸ್ಸಿಂಗ್ ಮಾಡೋದು, ಮಾತ್ರೆ ಕೊಡೋದು ಕಲೀತೀಯ. ಆದ್ರೆ ನರಕ್ಕೆ ಔಷಧಿ ಹಾಕೋ ಹಾಗಿಲ್ಲ, ರೋಗಿಗೆ ಏನಾಗ್ತಿದೆ ಅಂತ ನೀನೇ ತೀರ್ಮಾನ ಮಾಡೋ ಹಾಗಿಲ್ಲ. ಯಾವಾಗ್ಲೂ ಇನ್ನೊಬ್ಬರ ಕೈಕೆಳಗೆ. ಇನ್ನೊಂದು ರಿಜಿಸ್ಟರ್ಡ್ ನರ್ಸಿಂಗ್. ನಾಲ್ಕು ವರ್ಷ, ಬೇರೆ ಊರು, ಹಾಸ್ಟೆಲ್. ಬರ್ತಾ ಪೂರ್ತಿ ನರ್ಸಾಗಿ ಬರ್ತೀಯ. ನನ್ನ ಕೇಳಿದ್ರೆ ಕಣ್ಣು ಮುಚ್ಚಿ ದೊಡ್ಡದಕ್ಕೆ ಹೋಗು ಅಂತೀನಿ. ನಿನ್ನಂಥವಳು ಚಿಕ್ಕದರಲ್ಲಿ ನಿಲ್ಲಬಾರದು."

ನನ್ನ ಬಾಯಲ್ಲಿ ಗುಂಡುಸೂಜಿ ಇತ್ತು, ಇಲ್ಲದಿದ್ರೆ ಅಲ್ಲೇ "ಹೋಗ್ತಾಳೆ" ಅಂತ ಕೂಗಿಬಿಡ್ತಿದ್ದೆ. ಹುಡುಗಿಯ ಮುಖ ಅರಳಿತ್ತು. ಎಷ್ಟು ವರ್ಷವಾಗಿತ್ತೋ ಆ ಮುಖ ಹಾಗೆ ಅರಳಿ.

ಅದು ಒಳಗಿನ ಕೋಣೆಗೆ ಹೋಗೋವರೆಗೆ ಮಾತ್ರ.

ಅಪ್ಪ ಎಲ್ಲಾ ಕೇಳಿಸ್ಕೊಂಡಿದ್ದ. ಇವಳು ಗಂಜಿ ತಟ್ಟೆ ಹಿಡಿದು ಹೋದಾಗ ಗೋಡೆ ಕಡೆ ತಿರುಗಿ ಮಲಗಿದ್ದ. "ಇಲ್ಲಿರೋ ಕೋರ್ಸಿಗೆ ಏನು ರೋಗ? ಅದೂ ನರ್ಸು, ಇದೂ ನರ್ಸು. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು," ಅಂದ.

ನಾನು ಸುಮ್ಮನಿರ್ತೀನಾ? "ಒಂದಾದ್ರೆ ಒಂದು ವರ್ಷಕ್ಕೆ ಮುಗಿಯೋದನ್ನ ನಾಲ್ಕು ವರ್ಷ ಯಾಕೋ ಎಳೀತಾರೆ? ಅವಳು ಹೋಗ್ಲಿ. ನಾನಿಲ್ವಾ ನಿನ್ನ ನೋಡ್ಕೊಳ್ಳೋಕೆ? ಇನ್ನೊಬ್ಬ ಆಳನ್ನ ಹುಡುಕೋಣ."

"ಅಕ್ಕಾ, ನಿನ್ನ ಕೈಲಿ ಸ್ನಾನ ಮಾಡಿಸ್ಕೊಳ್ಳೋ ಬದಲು ಸಾಯೋದು ಮೇಲು. ಕಂಡವರ ಕೈಲಂತೂ ಈ ಜನ್ಮದಲ್ಲಿ ಆಗಲ್ಲ. ಹೋಗೋಳು ಹೋಗ್ಲಿ ಬಿಡು. ನಾನು ಹೀಗೇ ನಾರ್ತಾ ಬಿದ್ದಿರ್ತೀನಿ." ಹೇಳ್ತಾ ಹೇಳ್ತಾ ಅತ್ತೇಬಿಟ್ಟ. ಅಳೋ ಗಂಡಸನ್ನ ನಂಬಬಾರದು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಆದ್ರೂ ಅವನ ಕಣ್ಣೀರು ಸುಳ್ಳಾಗಿರಲಿಲ್ಲ, ಅದೇ ದೊಡ್ಡ ತೊಂದರೆ. ಮಗಳ ಕಾಲು ಕಟ್ಟಿಹಾಕೋಕೆ ಹಾಕಿದ ಸುಳ್ಳು ಕಣ್ಣೀರಾಗಿದ್ರೆ ನಾನೇ ಅವಳ ಪೆಟ್ಟಿಗೆ ಕಟ್ಟಿ ಕಳಿಸ್ತಿದ್ದೆ.

ಆ ವಾರ ಅವಳನ್ನ ನೋಡೋಕೆ ಆಗ್ತಿರಲಿಲ್ಲ. ಅತ್ತ ದರಿ, ಇತ್ತ ಪುಲಿ. ಒಂದು ದಿನ ಹಾಸ್ಟೆಲಿಗೆ ಏನೇನು ಬೇಕು ಅಂತ ನನ್ನ ಕೇಳೋಳು, ಮಾರನೇ ದಿನ ಆ ಮಾತು ಎತ್ತಿದ್ರೆ ಎದ್ದು ಹೋಗೋಳು. ಕೊನೆಗೆ ನನ್ನ ಮಿಷನ್ ಪಕ್ಕ ಬಂದು ನಿಂತು, "ಅತ್ತೆ, ನಾನು ಇಲ್ಲೇ ಸೇರ್ತೀನಿ," ಅಂದ್ಲು.

"ಯೋಚನೆ ಮಾಡಿದೀಯೇನೇ?"

"ಮಾಡಿದೆ. ಅಲ್ಲಿಗೆ ಹೋದ್ರೂ ಪುಸ್ತಕದಲ್ಲಿ ಅಪ್ಪನ ಮುಖಾನೇ ಕಾಣುತ್ತೆ. ಬೇರೆ ಯಾರನ್ನೂ ಅವರು ಹತ್ತಿರ ಸೇರಿಸಲ್ಲ. ನಾನೇ ನೋಡಿದೀನಲ್ಲ."

ನಾನು ಬೈದೆ, ರೇಗಿದೆ, ಕೈ ಹಿಡಿದು ಕೇಳಿದೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯ್ತು. ಹೆಡ್ ಸಿಸ್ಟರಿಗೆ ಹೇಳಿದಾಗ ಅವರು "ಸರಿ" ಅಂದ್ರಂತೆ, ಅಷ್ಟೇ. ಆ ಸೀಟು ಇನ್ಯಾರಿಗೋ ಹೋಯ್ತು.

ಚಿಕ್ಕ ಕೋರ್ಸು ಮುಗಿಸಿ ನೀಲಿ ಅಂಚಿನ ಕೋಟು ತೊಟ್ಟು ಬಂದ ದಿನ ಅಪ್ಪ ಬೀದಿಗೆಲ್ಲ ಕೇಳೋ ಹಾಗೆ "ನನ್ನ ಮಗಳು ನರ್ಸು" ಅಂದ. ಅವಳೂ ನಕ್ಕಳು. ಕೆಲಸದಲ್ಲಿ ಎತ್ತಿದ ಕೈ, ಅದನ್ನ ನಾನು ಹೇಳಬೇಕಾಗಿಲ್ಲ. ಆದ್ರೆ ವರ್ಷ ವರ್ಷ ಕಳೆದ ಹಾಗೆ ಆ ನಗು ತೆಳುವಾಗ್ತಾ ಬಂತು. ರೋಗಿ ಬೆಲ್ ಒತ್ತಿದ್ರೆ ಮೊದಲು ಓಡೋಳು ಇವಳು. ಓಡಿ ಹೋಗಿ ನೋಡಿ, ಮತ್ತೆ ಓಡಿ ಹೋಗಿ ಬಿಳಿ ಕೋಟಿನವರನ್ನ ಕರೀಬೇಕು. ಅವರು ಬಂದು ಸೂಜಿ ಚುಚ್ಚೋವರೆಗೆ ರೋಗಿಯ ಕೈ ಹಿಡ್ಕೊಂಡು ನಿಂತಿರಬೇಕು. "ನಾನು ಅರ್ಧ ನರ್ಸು ಅತ್ತೆ, ಇನ್ನರ್ಧ ಬರೀ ಓಟ," ಅಂತ ತಮಾಷೆ ಮಾಡೋಳು. ಮೊದಮೊದಲು ನಾನೂ ನಗ್ತಿದ್ದೆ. ಆಮೇಲೆ ಆ ಮಾತು ಕೇಳಿದ್ರೆ ಮಿಷನ್ ಜೋರಾಗಿ ತುಳೀತಿದ್ದೆ. ಅವಳಿಗಿಂತ ಚಿಕ್ಕವರು ದೊಡ್ಡ ಕೋರ್ಸು ಮುಗಿಸಿ ಬಂದು ಅವಳಿಗೆ ಕೆಲಸ ಹೇಳೋಕೆ ಶುರುಮಾಡಿದ್ರು. ಒಳ್ಳೇ ಹುಡುಗಿಯರೇ. ಅವರನ್ನ ಬೈಯೋಕೂ ಬರೋ ಹಾಗಿರಲಿಲ್ಲ.

ಈಗ ಹುಕ್ಕಾ ವಿಷಯ ಹೇಳ್ತೀನಿ. ಲಕ್ವ ಹೊಡೆದ ಮೇಲೆ ನನ್ನ ತಮ್ಮ ನೀರೋ ಚಹಾನೋ ಕುಡಿದ್ರೆ ಆಮೇಲೆ ಸ್ವಲ್ಪ ಹೊತ್ತು ಅವನ ಸ್ವರ ಗುಳುಗುಳು ಅನ್ನೋದು. ಗಂಟಲಲ್ಲಿ ನೀರು ನಿಂತ ಹಾಗೆ. "ಶುರುವಾಯ್ತು ನೋಡು ಹುಕ್ಕಾ" ಅಂತ ನಾನು ಹೇಳ್ತಿದ್ದೆ, ಗುಬ್ಬಿ ನಗೋಳು, ಅವನೂ ಬೇಕಂತಲೇ ಇನ್ನಷ್ಟು ಗುಳುಗುಳು ಮಾಡಿ ನಗಿಸೋನು. ಸಂಜೆ ಚಹಾ ಅಂದ್ರೆ ನಮಗೆ ಅದೇ ಒಂದು ಆಟ. ಆ ಮನೆಯಲ್ಲಿ ನಗೋಕೆ ಬೇರೆ ಏನಿತ್ತು ಹೇಳಿ.

ಹೋದ ತಿಂಗಳು ಅವನಿಗೆ ಜ್ವರ ಬಂತು. ಬಂದಿದ್ದು ಇಳೀಲಿಲ್ಲ. ಏದುಸಿರು ಬಿಡೋಕೆ ಶುರುಮಾಡಿದ. ಆಸ್ಪತ್ರೆಗೆ ಸೇರಿಸಿದ್ವಿ. ಗುಬ್ಬಿ ಕೆಲಸ ಮಾಡೋ ಆಸ್ಪತ್ರೆಯೇ. ಆ ಮೊದಲ ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಉಸಿರು ಸಿಕ್ಕಿಹಾಕ್ಕೊಂಡು ತುಟಿ ನೀಲಿಯಾಯ್ತು. ಮಗಳು ಮಂಚದ ಪಕ್ಕದಲ್ಲೇ ಇದ್ಲು. ಎತ್ತಿ ಕೂರಿಸಿದ್ಲು, ಆಕ್ಸಿಜನ್ ಮಾಸ್ಕ್ ಸರಿಮಾಡಿದ್ಲು, ಬೆನ್ನು ಹಿಡಿದ್ಲು. ಅವನು ಎಡಗೈಯಲ್ಲಿ ಅವಳನ್ನ ತಳ್ಳಿ, "ನಿನ್ನ ಕೈಲಿ ಆಗಲ್ಲ. ದೊಡ್ಡ ನರ್ಸನ್ನ ಕರಿಯೇ!" ಅಂದ. ಸಾಯೋ ಭಯದಲ್ಲಿ ಅಂದ ಮಾತು, ತಪ್ಪು ಹಿಡಿಯಬಾರದು. ಆದ್ರೂ ನಾನು ಹಿಡಿದೆ. ಅವಳು ಹಿಡೀಲಿಲ್ಲ, ಓಡಿದ್ಲು.

ಬಿಳಿ ಕೋಟಿನ ಹುಡುಗಿ ಬಂದ್ಲು. ತುಂಬಾ ಚಿಕ್ಕವಳು. ಅವಸರ ಮಾಡಲಿಲ್ಲ, ಗಾಬರಿಯಾಗಲಿಲ್ಲ. ನಳಿಕೆ ಹಾಕಿ ಗಂಟಲಿನ ಕಫ ಎಳೆದ್ಲು, ಡಾಕ್ಟರಿಗೆ ಫೋನು ಮಾಡಿ ಕೇಳ್ಕೊಂಡು ನರಕ್ಕೆ ಔಷಧಿ ಹಾಕಿದ್ಲು. ಉಸಿರು ಹದಕ್ಕೆ ಬಂತು. ಆಮೇಲೆ ನಮ್ಮ ಕಡೆ ತಿರುಗಿ, "ಮನೆಯಲ್ಲಿ ನೀರು ಕುಡಿದ ಮೇಲೆ ಇವರ ಸ್ವರ ಒದ್ದೆಯಾದ ಹಾಗೆ ಕೇಳಿಸ್ತಿತ್ತಾ?" ಅಂದ್ಲು.

"ಅಯ್ಯೋ, ಅದು ನಮ್ಮನೆ ಹುಕ್ಕಾ!" ಅಂತ ನಾನು ನಕ್ಕೆ.

ಅವಳು ನಗಲಿಲ್ಲ. "ಅಮ್ಮಾ, ನೀರು ಹೊಟ್ಟೆಗೆ ಹೋಗೋ ಬದಲು ಸ್ವಲ್ಪ ಸ್ವಲ್ಪ ಎದೆಗೆ ಇಳೀತಿತ್ತು. ಈ ಜ್ವರ ಅದರಿಂದಲೇ ಬಂದಿರಬೇಕು. ಇನ್ಮೇಲೆ ತೆಳ್ಳಗಿರೋದನ್ನ ಹಾಗೇ ಕುಡಿಸಬೇಡಿ. ಗಟ್ಟಿ ಮಾಡಿ ಕುಡಿಸೋದನ್ನ ತೋರಿಸ್ಕೊಡ್ತೀನಿ."

ಗುಬ್ಬಿಯ ಮುಖ ಬಿಳಿಚಿಕೊಂಡಿತ್ತು. "ಕುಡಿದಾಗ ಕೆಮ್ಮಿದ್ರೆ ಹುಷಾರಾಗಿರಿ ಅಂತ ನಮಗೆ ಹೇಳಿದ್ರು ಸಿಸ್ಟರ್. ಅಪ್ಪ ಒಂದು ದಿನವೂ ಕೆಮ್ಮಲಿಲ್ಲ."

"ಲಕ್ವ ಹೊಡೆದವರಲ್ಲಿ ಕೆಲವರು ಕೆಮ್ಮೋದೇ ಇಲ್ಲ. ನಮಗೂ ಮೂರನೇ ವರ್ಷದಲ್ಲೇ ಹೇಳ್ಕೊಟ್ಟಿದ್ದು ಅದನ್ನ. ನಿಮ್ಮ ತಪ್ಪಲ್ಲ," ಅಂತ ಆ ಹುಡುಗಿ ಮೆಲ್ಲಗೆ ಹೇಳಿ ಹೋದ್ಲು. ಮೂರನೇ ವರ್ಷ! ಇವಳು ಅಪ್ಪನಿಗೋಸ್ಕರ ಬಿಟ್ಟ ವರ್ಷ. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸ್ತು. ಗುಬ್ಬಿ ಮಾತ್ರ ಅಪ್ಪನ ದಿಂಬು ಸರಿಮಾಡ್ತಾ, ಸರಿಮಾಡಿದ್ದನ್ನೇ ಮತ್ತೆ ಮತ್ತೆ ಸರಿಮಾಡ್ತಾ ನಿಂತಿದ್ಲು.

ಆ ಆಸ್ಪತ್ರೆಯಲ್ಲಿ ಒಂದು ಪದ್ಧತಿ. ಕೆಲಸದವರು ತಮ್ಮ ಸ್ವಂತದವರನ್ನ ತಾವೇ ನೋಡ್ಕೊಳ್ಳೋ ಹಾಗಿಲ್ಲ. ಕೈ ನಡುಗುತ್ತೆ, ಬುದ್ಧಿ ಓಡಲ್ಲ ಅಂತ. ಹಾಗಾಗಿ ಮಾರನೇ ದಿನದಿಂದ ಅವಳನ್ನ ಮೇಲಿನ ಮಹಡಿಗೆ ಹಾಕಿದ್ರು. ಅಪ್ಪನನ್ನ ನೋಡ್ಕೊಳ್ಳೋಕೆ ಒಬ್ಬ ವಾರ್ಡ್‌ಬಾಯ್. ಹೆಸರಿಗೆ ಬಾಯ್, ತಲೆ ತುಂಬ ನರೆ. ಗುಬ್ಬಿಗೆ ಅನ್ನ ಸೇರಲಿಲ್ಲ. "ಅತ್ತೆ, ಅಪ್ಪ ಗಲಾಟೆ ಮಾಡ್ತಾರೆ. ಮೈ ಮುಟ್ಟಿಸ್ಕೊಳ್ಳಲ್ಲ. ಒದ್ದೆ ಬಟ್ಟೆಯಲ್ಲೇ ಬಿದ್ದಿರ್ತಾರೆ," ಅಂತ ಅದೇ ಜಪ. ಆ ಮಧ್ಯಾಹ್ನ ನಾನು ಒಗೆದ ಬಟ್ಟೆ ತಗೊಂಡು ಮೇಲೆ ಹೋದೆ, ಅವಳಿಗೆ ಬಿಡುವಾದ ಕೂಡಲೇ ಇಬ್ಬರೂ ಕೆಳಗಿಳಿದು ವಾರ್ಡಿಗೆ ಓಡಿದ್ವಿ.

ಮಂಚದ ಸುತ್ತ ಪರದೆ ಎಳೆದಿತ್ತು. ಒಳಗಿಂದ ನಗು ಕೇಳಿಸ್ತು. ಗುಬ್ಬಿ ಪರದೆ ಸರಿಸಿದ್ಲು. ನನ್ನ ತಮ್ಮ ಟವಲು ಹೊದ್ದು, ಮೈಯೆಲ್ಲ ಸೋಪಿನ ನೊರೆ ಮಾಡ್ಕೊಂಡು, ಕೈ ಎತ್ತು ಅಂದ್ರೆ ಕೈ, ತಿರುಗು ಅಂದ್ರೆ ತಿರುಗಿ, ಮಗುವಿನ ಹಾಗೆ ಒಪ್ಪಿಸ್ಕೊಂಡು ಕೂತಿದ್ದ. ವಾರ್ಡ್‌ಬಾಯಿಗೆ ತಾನು ಬ್ರೇಕಿಲ್ಲದ ಬಸ್ಸನ್ನ ಇಳಿಜಾರಲ್ಲಿ ನಿಲ್ಲಿಸಿದ ಕಥೆ ಹೇಳ್ತಿದ್ದ. ನಮಗೆ ನೂರು ಸಲ ಹೇಳಿದ ಕಥೆ.

"ಬಂದ್ರಾ? ನೋಡೇ, ಇವನ ಕೈ ಎಷ್ಟು ಹಗುರ," ಅಂದ.

ಗುಬ್ಬಿ ಬಾಗಿಲಲ್ಲಿ ನಿಂತ ಅಪರಿಚಿತಳ ಹಾಗೆ ನಿಂತಿದ್ಲು. "ಅಪ್ಪಾ, ನಿಮಗೆ ನಾಚಿಕೆ ಆಗಲಿಲ್ವಾ?" ಅಂತ ಕೇಳಿದ್ಲು.

"ಬೆಳಿಗ್ಗೆ ಸ್ವಲ್ಪ ಮುಜುಗರ ಆಯ್ತಮ್ಮ. ಆಮೇಲೆ ಏನೂ ಇಲ್ಲ. ಎಲ್ಲಾ ಅಭ್ಯಾಸ ಆಗುತ್ತೆ ಬಿಡು," ಅಂದ ನನ್ನ ತಮ್ಮ, ಮುಖ ಎತ್ತಿ ಗಲ್ಲ ಒರೆಸಿಸ್ಕೊಳ್ತಾ.

ನನ್ನ ನೆತ್ತಿಗೆ ಬೆಂಕಿ ಏರ್ತು. ಲಕ್ವ ಹೊಡೆದವನು, ನೆನ್ನೆ ಸಾವಿನ ಬಾಯಿಂದ ಬಂದವನು ಅಂತಲೂ ನೋಡದೆ ಜನ್ಮ ಜಾಲಾಡೋಣ ಅಂತ ಬಾಯಿ ತೆಗೆದೆ. ಗುಬ್ಬಿ ನನ್ನ ತೋಳು ಹಿಡಿದು ಹೊರಗೆ ಎಳ್ಕೊಂಡು ಬಂದ್ಲು. ಕಾರಿಡಾರಿನಲ್ಲಿ ಬಟ್ಟೆ ಗಂಟನ್ನ ಎದೆಗೆ ಅವುಚಿಕೊಂಡು ಗೋಡೆಗೆ ಒರಗಿದ್ಲು. ಅವಳಮ್ಮ ಹೋದಾಗ ಕೂಡ ಆ ಹುಡುಗಿ ಹಾಗೆ ಅತ್ತಿರಲಿಲ್ಲ.

"ಒಂದು ಬೆಳಿಗ್ಗೆ ಸಾಕಾಯ್ತಂತೆ ಅತ್ತೆ," ಅಂದ್ಲು. "ಒಂದೇ ಒಂದು ಬೆಳಿಗ್ಗೆ."